ಅಪ್‌ಡೇಟ್ ಆಯಿತು, ಮೇಲ್ ನಿಂತಿತು

ಫೋನ್ ಅಪ್‌ಡೇಟ್ ಆದ ಮರುದಿನ ಮೇಲ್ ನಿಂತುಹೋದರೆ ಎಲ್ಲರ ಬೈಗುಳ ಬೀಳುವುದು ಫೋನಿನ ಮೇಲೆ, ಇಲ್ಲವೇ ಅದನ್ನು ಮಾಡಿದ ಕಂಪನಿಯ ಮೇಲೆ. ನಿನ್ನೆ ರಾತ್ರಿ ತನಕ ಸರಿಯಿದ್ದದ್ದು ಬೆಳಗಾಗುವಷ್ಟರಲ್ಲಿ ಕೆಟ್ಟಿದೆ, ನಡುವೆ ನಡೆದದ್ದು ಅಪ್‌ಡೇಟ್ ಒಂದೇ, ಹಾಗಾಗಿ ತಪ್ಪು ಅದರದ್ದೇ ಎನ್ನುವ ಲೆಕ್ಕ. ಸಣ್ಣ ಆಫೀಸುಗಳ ಮೇಲ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿ ವರ್ಷಗಳಿಂದ ಇರುವ ನಾನು ಕಂಡಂತೆ ಈ ಲೆಕ್ಕ ಹೆಚ್ಚಿನ ಸಲ ತಪ್ಪುತ್ತದೆ. ಕೆಟ್ಟಿರುವುದು ಸರ್ವರ್. ಅದೂ ನಿನ್ನೆ ಮೊನ್ನೆ ಕೆಟ್ಟದ್ದಲ್ಲ, ವರ್ಷಗಟ್ಟಲೆ ಹಾಗೇ ಇತ್ತು. ಹಳೆಯ ಫೋನು ಅದನ್ನು ಸಹಿಸಿಕೊಂಡಿತ್ತು, ಅಪ್‌ಡೇಟ್ ಆದ ಫೋನು ಸಹಿಸುತ್ತಿಲ್ಲ.

2019ರ ಸೆಪ್ಟೆಂಬರ್ 19ರಂದು ಐಫೋನ್‌ಗಳಿಗೆ ಐಓಎಸ್ 13 ಬಂತು. ಅದಾಗಿ ಕೆಲವೇ ದಿನಕ್ಕೆ ಹುಬ್ಬಳ್ಳಿಯಿಂದ ಪರಿಚಯದ ಆಡಿಟರೊಬ್ಬರು ಫೋನ್ ಮಾಡಿದರು. ಸೆಪ್ಟೆಂಬರ್ ಕೊನೆ ಎಂದರೆ ಟ್ಯಾಕ್ಸ್ ಆಡಿಟ್ ವರದಿಗಳ ಗಡಿಬಿಡಿ. ಕಕ್ಷಿದಾರರು ಬ್ಯಾಲೆನ್ಸ್ ಶೀಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಮೇಲ್‌ನಲ್ಲೇ ಕಳಿಸುತ್ತಿದ್ದರು. "ಮೊನ್ನೀತನಕ ಚಲೋ ಬರ್ತಿತ್ತು ನೋಡ್ರಿ ಸರ. ಅಪ್‌ಡೇಟ್ ಕೊಟ್ಟಿದ್ದ ತಪ್ಪಾತೇನ್ರಿ?" ಎಂದು ಕೇಳಿದರು. ಸ್ವಂತ ಡೊಮೇನ್ ಹೆಸರಿನ ಮೇಲ್ ಅದು, ಒಂದು ಹೋಸ್ಟಿಂಗ್ ಕಂಪನಿಯವರ ಸರ್ವರ್‌ನಲ್ಲಿ ಇತ್ತು. ಫೋನು ತೋರಿಸುತ್ತಿದ್ದದ್ದು ಒಂದೇ ಸಾಲು: ಕೆನಾಟ್ ವೆರಿಫೈ ಸರ್ವರ್ ಐಡೆಂಟಿಟಿ. ಹೋಸ್ಟಿಂಗ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಾಗ ಅಲ್ಲಿದ್ದವರು ಕೊಟ್ಟ ಪರಿಹಾರವೂ ಒಂದೇ ಸಾಲಿನದು. ಸೆಟ್ಟಿಂಗ್ಸ್‌ಗೆ ಹೋಗಿ ಎಸ್‌ಎಸ್‌ಎಲ್ ಆಫ್ ಮಾಡಿ, ಬರುತ್ತದೆ.

ಎಸ್‌ಎಸ್‌ಎಲ್ ಎಂದರೆ ಫೋನು ಮತ್ತು ಸರ್ವರ್ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಇಡುವ ವ್ಯವಸ್ಥೆ. ಅದನ್ನು ಆಫ್ ಮಾಡಿದರೆ ಮೇಲ್ ಬರುತ್ತದೆ, ನಿಜ. ಅದರ ಜೊತೆಗೆ ಪಾಸ್‌ವರ್ಡ್ ಕೂಡ ಯಾವ ಮುಚ್ಚುಮರೆಯೂ ಇಲ್ಲದೆ ದಾರಿಯುದ್ದಕ್ಕೂ ಓಡಾಡಲು ಶುರುವಾಗುತ್ತದೆ. ನೂರಾರು ಜನರ ಪ್ಯಾನ್ ನಂಬರು, ಆದಾಯ, ಸಾಲದ ವಿವರ ಇರುವ ಪೆಟ್ಟಿಗೆಯ ಪಾಸ್‌ವರ್ಡ್ ಅದು. ಇಂಥ ಸಲಹೆ ಕೊಡುವವರು ತಮ್ಮ ಕೆಲಸದ ಮೊದಲ ಜವಾಬ್ದಾರಿಯನ್ನೇ ಕೈಬಿಟ್ಟಿದ್ದಾರೆ ಎಂದು ಅಂದು ಅನ್ನಿಸಿತ್ತು, ಇಂದಿಗೂ ಹಾಗೇ ಅನ್ನಿಸುತ್ತದೆ.

ಆ ಸರ್ವರ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟನ್ನು ಬಿಡಿಸಿ ನೋಡಿದಾಗ ವಿಷಯ ತಿಳಿಯಾಯಿತು. ಕೀಲಿಯ ಉದ್ದ 1024 ಬಿಟ್. ಸಹಿ ಹಾಕಲು ಬಳಸಿದ್ದು ಶಾ-1 ಎಂಬ ಹಳೆಯ ವಿಧಾನ. ಅವಧಿ ಹತ್ತು ವರ್ಷ. ಸರ್ವರ್‌ನ ಹೆಸರು ಇರಬೇಕಾದ ಜಾಗದಲ್ಲಿ ಇಲ್ಲ. ಐಓಎಸ್ 13ರಿಂದ ಏನೇನು ಬೇಕಾಗುತ್ತದೆ ಎಂದು ಆಪಲ್ ಮೊದಲೇ ಪ್ರಕಟಿಸಿತ್ತು. ಆರ್‌ಎಸ್‌ಎ ಕೀಲಿ ಕನಿಷ್ಠ 2048 ಬಿಟ್ ಇರಬೇಕು, ಸಹಿ ಶಾ-2 ಗುಂಪಿನದಾಗಿರಬೇಕು, ಸರ್ವರ್‌ನ ಹೆಸರು ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಎಂಬ ಜಾಗದಲ್ಲೇ ಇರಬೇಕು, 2019ರ ಜುಲೈ 1ರ ನಂತರ ಕೊಟ್ಟ ಸರ್ಟಿಫಿಕೇಟಿನ ಅವಧಿ 825 ದಿನ ಮೀರಬಾರದು. ಆಡಿಟರ ಸರ್ವರ್ ಇವುಗಳಲ್ಲಿ ಮೊದಲ ಮೂರನ್ನೂ ಪಾಲಿಸಿರಲಿಲ್ಲ. ಹೊಸ ಸರ್ಟಿಫಿಕೇಟ್ ಹಾಕಿಸಿದ ಸಂಜೆಯೇ ಅವರ ಫೋನಿಗೆ ಮೇಲ್ ಬಂತು. ಫೋನಿನಲ್ಲಿ ಏನನ್ನೂ ಮುಟ್ಟಬೇಕಾಗಲಿಲ್ಲ.

ಪಾಸ್‌ವರ್ಡ್‌ಗೂ ಮುಂಚೆ ನಡೆಯುವ ಮಾತು

ಮೇಲ್ ಆ್ಯಪ್ ತೆರೆದಾಗ ಮೊದಲ ಕ್ಷಣದಲ್ಲಿ ಏನು ನಡೆಯುತ್ತದೆ ಎಂದು ತಿಳಿದಿದ್ದರೆ ದೋಷ ಹುಡುಕುವುದು ಅರ್ಧ ಸಲೀಸು. ಫೋನು ಸರ್ವರ್‌ನ ಒಂದು ಬಾಗಿಲ ಸಂಖ್ಯೆಗೆ, ಅಂದರೆ ಪೋರ್ಟ್‌ಗೆ, ಕರೆ ಮಾಡುತ್ತದೆ. ಮೇಲ್ ಓದುವುದಕ್ಕೆ ಐಮ್ಯಾಪ್ ಆದರೆ 993, ಪಾಪ್ ಆದರೆ 995. ಕಳಿಸುವುದಕ್ಕೆ 465 ಅಥವಾ 587. ತಾನು ಯಾವ ಯಾವ ಗೂಢಲಿಪಿ ವಿಧಾನಗಳನ್ನು ಬಲ್ಲೆ ಎಂದು ಫೋನು ಪಟ್ಟಿ ಕೊಡುತ್ತದೆ. ಸರ್ವರ್ ಅದರಲ್ಲಿ ತನಗೆ ಗೊತ್ತಿರುವುದನ್ನು ಆರಿಸಿ, ಜೊತೆಗೆ ತನ್ನ ಸರ್ಟಿಫಿಕೇಟನ್ನು ಮುಂದಿಡುತ್ತದೆ. ಫೋನು ಅದನ್ನು ಪರೀಕ್ಷಿಸುತ್ತದೆ. ಹೆಸರು ಹೊಂದುತ್ತದೆಯೇ, ಅವಧಿ ಉಳಿದಿದೆಯೇ, ಕೀಲಿ ಗಟ್ಟಿಯಿದೆಯೇ, ಸಹಿ ಮಾಡಿದವರು ತನ್ನ ನಂಬಿಕೆಯ ಪಟ್ಟಿಯಲ್ಲಿದ್ದಾರೆಯೇ. ಎಲ್ಲಕ್ಕೂ ಹೌದು ಎಂದಾದ ಮೇಲಷ್ಟೇ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಫೋನಿನಿಂದ ಹೊರಬೀಳುತ್ತವೆ.

ಕೊನೆಯ ಸಾಲು ಮುಖ್ಯ. ಸರ್ಟಿಫಿಕೇಟ್ ಹಂತದಲ್ಲೇ ಜಗಳ ನಿಂತಿದ್ದರೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ಅದು ಇನ್ನೂ ಸರ್ವರ್‌ಗೆ ತಲುಪಿಯೇ ಇಲ್ಲ. ಆದರೂ ಜನ ಮೊದಲು ಮಾಡುವುದು ಅದನ್ನೇ. ಪಾಸ್‌ವರ್ಡ್ ಬದಲಿಸುತ್ತಾರೆ, ಅದು ಲ್ಯಾಪ್‌ಟಾಪ್‌ನಲ್ಲೂ ಆಫೀಸಿನ ಸ್ಕ್ಯಾನರ್‌ನಲ್ಲೂ ಹಳೆಯದೇ ಉಳಿದು ಇನ್ನೆರಡು ಕಡೆ ಮೇಲ್ ನಿಲ್ಲುತ್ತದೆ, ಆಮೇಲೆ ಮೂಲ ದೋಷ ಯಾವುದು ಎಂದು ಯಾರಿಗೂ ತಿಳಿಯದಂತಾಗುತ್ತದೆ.

ಸರ್ಟಿಫಿಕೇಟಿನ ಸಹಿಯ ಸರಪಳಿ ನಮ್ಮಲ್ಲಿ ಸೈಟು ಕೊಳ್ಳುವ ವ್ಯವಹಾರದ ಹಾಗೆ. ಮಾರುವವರ ಕೈಯಲ್ಲಿ ಕ್ರಯಪತ್ರ ಇದ್ದರೆ ಬ್ಯಾಂಕಿನ ವಕೀಲರಿಗೆ ಸಾಲದು. ಅವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಮದರ್ ಡೀಡ್ ತನಕ ಲಿಂಕ್ ಡಾಕ್ಯುಮೆಂಟ್ ಕೇಳುತ್ತಾರೆ. ನಡುವಿನ ಒಂದು ಪತ್ರ ಇಲ್ಲದಿದ್ದರೆ ಸಾಲ ಸಿಗುವುದಿಲ್ಲ. ಸರ್ವರ್‌ನ ಸರ್ಟಿಫಿಕೇಟಿಗೆ ಒಂದು ಮಧ್ಯವರ್ತಿ ಸಂಸ್ಥೆಯ ಸಹಿ ಇರುತ್ತದೆ, ಆ ಸಂಸ್ಥೆಯ ಸರ್ಟಿಫಿಕೇಟಿಗೆ ಮೂಲ ಸಂಸ್ಥೆಯ ಸಹಿ. ಮೂಲ ಸಂಸ್ಥೆಗಳ ಪಟ್ಟಿ ಫೋನಿನೊಳಗೇ ಇದೆ. ನಡುವಿನದನ್ನು ಸರ್ವರ್ ತಾನೇ ಕಳಿಸಬೇಕು. ಅದನ್ನು ಕಳಿಸಲು ಮರೆತ ಸರ್ವರ್‌ಗಳಿಗೆ ಲೆಕ್ಕವಿಲ್ಲ. ಕಂಪ್ಯೂಟರ್‌ನ ಬ್ರೌಸರ್‌ಗಳು ಕಾಣೆಯಾದದ್ದನ್ನು ತಾವೇ ಹುಡುಕಿ ತರುವುದು, ಹಿಂದೆ ಎಲ್ಲೋ ಕಂಡದ್ದನ್ನು ನೆನಪಿಟ್ಟುಕೊಳ್ಳುವುದು ಉಂಟು. ಆಂಡ್ರಾಯ್ಡ್ ಫೋನಿನ ಮೇಲ್ ಆ್ಯಪ್ ಸಾಮಾನ್ಯವಾಗಿ ಆ ತಾಪತ್ರಯಕ್ಕೆ ಹೋಗುವುದಿಲ್ಲ.

"ಬ್ರೌಸರ್‌ನಲ್ಲಿ ವೆಬ್‌ಮೇಲ್ ಓಪನ್ ಆಗುತ್ತೆ ಸಾರ್, ಫೋನ್‌ನಲ್ಲಿ ಮಾತ್ರ ಆಗಲ್ಲ, ಅಂದರೆ ಫೋನೇ ಸರಿ ಇಲ್ಲ ಅಲ್ವಾ?" ಎಂದು ಕೇಳುವವರಿಗೆ ಹೇಳಬೇಕಾದ ಇನ್ನೊಂದು ಮಾತೂ ಇದೆ. ವೆಬ್‌ಮೇಲ್ ತೆರೆಯುವುದು 443ನೇ ಪೋರ್ಟ್‌ನಲ್ಲಿ. ಫೋನು ಹೋಗುವುದು 993ಕ್ಕೆ. ಎರಡರ ಹಿಂದೆ ಇರುವ ಸಾಫ್ಟ್‌ವೇರ್ ಬೇರೆ ಬೇರೆ. ವೆಬ್‌ಸೈಟಿನ ಸರ್ಟಿಫಿಕೇಟನ್ನು ನವೀಕರಿಸಿದವರು ಮೇಲ್ ಸಾಫ್ಟ್‌ವೇರ್ ಆದ ಡವ್‌ಕಾಟ್ ಅಥವಾ ಎಕ್ಸಿಮ್ ಅನ್ನು ರೀಲೋಡ್ ಮಾಡಲು ಮರೆತರೆ, ಅದು ಅವಧಿ ಮುಗಿದ ಹಳೆಯ ಸರ್ಟಿಫಿಕೇಟನ್ನೇ ತೋರಿಸುತ್ತಾ ಕೂರುತ್ತದೆ. ವೆಬ್‌ಸೈಟ್ ಚೆನ್ನಾಗಿದೆ ಎನ್ನುವುದು ಮೇಲ್ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ.

ಫೋನು ಕಟ್ಟುನಿಟ್ಟಾದದ್ದು ಸುಮ್ಮನೆ ಅಲ್ಲ

ಅಪ್‌ಡೇಟ್ ಎಂದರೆ ಕಿರಿಕಿರಿ ಎನ್ನುವವರು 2014ರ ಫೆಬ್ರವರಿಯನ್ನು ನೆನಪಿಸಿಕೊಳ್ಳಬೇಕು. ಆ ತಿಂಗಳ 21ರಂದು ಆಪಲ್ ಐಓಎಸ್ 7.0.6 ಎಂಬ ಪುಟ್ಟ ಅಪ್‌ಡೇಟ್ ಬಿಟ್ಟಿತು. ಸರ್ವರ್‌ನ ಸಹಿಯನ್ನು ಪರೀಕ್ಷಿಸುವ ಪ್ರೋಗ್ರಾಮಿನಲ್ಲಿ 'ಗೋಟು ಫೇಲ್' ಎಂಬ ಸಾಲು ಒಂದರ ಕೆಳಗೊಂದು ಎರಡು ಸಲ ಬಂದುಬಿಟ್ಟಿತ್ತು. ಮೊದಲ ಸಾಲು ಒಂದು ಷರತ್ತಿಗೆ ಸೇರಿದ್ದು, ತಪ್ಪು ಕಂಡರೆ ಮಾತ್ರ ನಡೆಯಬೇಕಾದದ್ದು. ಎರಡನೆಯದಕ್ಕೆ ಷರತ್ತೇ ಇಲ್ಲ, ಯಾವಾಗಲೂ ನಡೆಯುತ್ತದೆ. ಅದರಿಂದಾಗಿ ಪ್ರೋಗ್ರಾಮು ಕೊನೆಯ ಪರೀಕ್ಷೆಯನ್ನು ಮಾಡದೆಯೇ ಕೆಳಗೆ ಜಿಗಿಯುತ್ತಿತ್ತು. ಅಲ್ಲಿಯ ತನಕ ಯಾವ ತಪ್ಪೂ ದಾಖಲಾಗದೆ ಇದ್ದದ್ದರಿಂದ 'ಎಲ್ಲ ಸರಿ' ಎಂದೇ ವರದಿ ಕೊಡುತ್ತಿತ್ತು. ಒಂದೇ ಸಾಲು, ಎರಡು ಪದ. ನೀವಿರುವ ವೈಫೈ ಜಾಲದಲ್ಲೇ ಕೂತ ಯಾರಾದರೂ ತಾನೇ ನಿಮ್ಮ ಮೇಲ್ ಸರ್ವರ್ ಎಂದು ಹೇಳಿಕೊಂಡು ಪಾಸ್‌ವರ್ಡ್ ಇಸಿದುಕೊಳ್ಳಲು ಅಷ್ಟು ಸಾಕಿತ್ತು. ಫೋನು ಹೊರಗಿನಿಂದ ಯಾವ ತೊಂದರೆಯನ್ನೂ ತೋರಿಸುತ್ತಿರಲಿಲ್ಲ, ಮೇಲ್ ಸೊಗಸಾಗಿ ಬರುತ್ತಿತ್ತು. ಮೇಲ್ ಬರುತ್ತಿದೆ ಎಂದ ಮಾತ್ರಕ್ಕೆ ಸಂಪರ್ಕ ಸುರಕ್ಷಿತ ಎಂದು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಂಬಿಕೆಯ ಪಟ್ಟಿಯಲ್ಲಿದ್ದವರೇ ಎಡವಿದ ಪ್ರಸಂಗಗಳೂ ಇವೆ. 2011ರಲ್ಲಿ ನೆದರ್‌ಲೆಂಡ್ಸಿನ ಡಿಜಿನೋಟಾರ್ ಎಂಬ ಸರ್ಟಿಫಿಕೇಟ್ ಸಂಸ್ಥೆಯೊಳಗೆ ಹ್ಯಾಕರ್‌ಗಳು ನುಗ್ಗಿ ಗೂಗಲ್ ಹೆಸರಿನ ನಕಲಿ ಸರ್ಟಿಫಿಕೇಟ್ ಮಾಡಿಕೊಂಡರು. ಅದನ್ನಿಟ್ಟುಕೊಂಡು ಇರಾನಿನ ಜನರ ಜಿಮೇಲ್ ಸಂಪರ್ಕಗಳನ್ನು ನಡುದಾರಿಯಲ್ಲಿ ಕದ್ದು ನೋಡಲಾಯಿತು. ಸಂಸ್ಥೆ ಅದೇ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತು. ಐಓಎಸ್ 5ರ ಅಪ್‌ಡೇಟ್ ಆ ಸಂಸ್ಥೆಯ ಹೆಸರನ್ನು ಐಫೋನ್‌ಗಳ ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ದೇಶದ್ದೇ ಒಂದು ಕಥೆಯಿದೆ. 2014ರ ಜುಲೈನಲ್ಲಿ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್, ಅಂದರೆ ಎನ್‌ಐಸಿಯ ಸರ್ಟಿಫಿಕೇಟ್ ವಿಭಾಗದಿಂದ ಗೂಗಲ್‌ನ ಡೊಮೇನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದಿರುವುದನ್ನು ಗೂಗಲ್ ಪತ್ತೆಮಾಡಿತು. ಇಂಥ ಸಂಸ್ಥೆಗಳ ಮೇಲಿನ ಸರ್ಕಾರಿ ನಿಯಂತ್ರಕರಾದ ಸಿಸಿಎ ಮರುದಿನವೇ ಎನ್‌ಐಸಿಯ ಮಧ್ಯವರ್ತಿ ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಿತು. ಆಗ ಸಿಸಿಎಯ ಮೂಲ ಸರ್ಟಿಫಿಕೇಟ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿತ್ತು, ಆಂಡ್ರಾಯ್ಡ್ ಮತ್ತು ಐಫೋನ್‌ಗಳ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಫೋನುಗಳಿಗೆ ಬಿಸಿ ತಟ್ಟಲಿಲ್ಲ.

ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಎಂಬ ಈ ಪಟ್ಟಿ ಫೋನಿಗೆ ಬಹುಕಾಲ ತಲುಪುತ್ತಿದ್ದದ್ದು ಸಿಸ್ಟಮ್ ಅಪ್‌ಡೇಟ್‌ನಲ್ಲೇ. ಆಂಡ್ರಾಯ್ಡ್ 14ರಿಂದ ಅದು ಗೂಗಲ್ ಪ್ಲೇ ಮೂಲಕವೂ ಬದಲಾಗಬಲ್ಲದು. ಅಪ್‌ಡೇಟ್ ಮುಂದೂಡಿದವರು ಈ ಕಾವಲನ್ನೂ ಮುಂದೂಡಿದಂತೆ.

ಹಾಗೆಂದು ಅಪ್‌ಡೇಟ್ ಎಂದೂ ತಪ್ಪು ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2016ರ ಆಗಸ್ಟ್‌ನಲ್ಲಿ ಬಂದ ಆಂಡ್ರಾಯ್ಡ್ 7.0 ಗೂಢಲಿಪಿಯ ಎಲಿಪ್ಟಿಕ್ ಕರ್ವ್‌ಗಳಲ್ಲಿ 256 ಬಿಟ್‌ನ ಒಂದೇ ಕರ್ವ್ ತನಗೆ ಗೊತ್ತು ಎಂದು ಸರ್ವರ್‌ಗಳಿಗೆ ಹೇಳುತ್ತಿತ್ತು. ಹೆಚ್ಚು ಭದ್ರವಾಗಿರಲಿ ಎಂದು 384 ಬಿಟ್‌ನದನ್ನು ಮಾತ್ರ ಇಟ್ಟುಕೊಂಡಿದ್ದ ಸರ್ವರ್‌ಗಳ ಜೊತೆ ಮಾತು ಕೂಡಲೇ ಇಲ್ಲ. ಇಲ್ಲಿ ಪೆಟ್ಟು ತಿಂದವರು ಎಚ್ಚರದಿಂದ ಸರ್ವರ್ ನಡೆಸುತ್ತಿದ್ದವರು, ತಪ್ಪು ಫೋನಿನದು. 7.1.1ರಲ್ಲಿ ಅದು ಸರಿಹೋಯಿತು. ಇಂಥವು ಅಪರೂಪ, ಆದರೆ ಇವೆ. ಆದ್ದರಿಂದಲೇ ಊಹೆಯ ಮೇಲೆ ತೀರ್ಪು ಕೊಡದೆ ನೋಡಿ ಹೇಳಬೇಕು.

ಅಪ್‌ಡೇಟ್ ಆಗದೇ ಇದ್ದದ್ದಕ್ಕೆ ಮೇಲ್ ನಿಂತ ದಿನವೂ ಒಂದಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಯೋಜನೆ 2015ರ ಕೊನೆಯಿಂದ ಯಾರಿಗೆ ಬೇಕಾದರೂ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ. ಶುರುವಿನಲ್ಲಿ ಅದು ಆಸರೆ ಪಡೆದಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ವಂತ ಮೂಲ ಸರ್ಟಿಫಿಕೇಟ್ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಿಗೆ ಗೊತ್ತೇ ಇರಲಿಲ್ಲ. ಮೂಲ ಸರ್ಟಿಫಿಕೇಟಿನ ಅವಧಿಯನ್ನು ಹಳೆಯ ಆಂಡ್ರಾಯ್ಡ್ ಪರಿಶೀಲಿಸುವುದಿಲ್ಲ ಎಂಬ ಅಂಶವನ್ನೇ ಹಿಡಿದು, ವಿಶೇಷ ಸಹಿಯೊಂದರ ಮೂಲಕ ಆ ಫೋನುಗಳಿಗೆ ಇನ್ನೂ ಮೂರು ವರ್ಷ, 2024ರ ಸೆಪ್ಟೆಂಬರ್ 30ರ ತನಕ ಕಾಲಾವಕಾಶ ಮಾಡಿಕೊಟ್ಟರು. ಆಮೇಲೆ ಆ ಬಾಗಿಲೂ ಮುಚ್ಚಿತು. ಮಕ್ಕಳು ಹೊಸ ಫೋನು ಕೊಂಡಾಗ ಹಳೆಯದು ಅಪ್ಪ ಅಮ್ಮನ ಕೈಗೆ ಹೋಗುವುದು ನಮ್ಮ ಮನೆಗಳಲ್ಲಿ ರೂಢಿ. ಪಿಂಚಣಿಯ, ಬ್ಯಾಂಕಿನ ಮೇಲ್ ನೋಡುವವರು ಅವರೇ. ಅಂಥ ಫೋನಿನಲ್ಲಿ ಮೇಲ್ ಬರುತ್ತಿಲ್ಲ ಎಂದರೆ ಸೆಟ್ಟಿಂಗ್ಸ್ ಜಾಲಾಡುವ ಮೊದಲು ಆಂಡ್ರಾಯ್ಡ್ ಎಷ್ಟನೆಯದು ಎಂದು ನೋಡಿ.

ಎಲ್ಲಿಂದ ಶುರುಮಾಡುವುದು

ಮೊದಲು ದಿನಾಂಕ. ಹೇಳಿದರೆ ನಂಬುವುದು ಕಷ್ಟ, ಆದರೆ ಗೇಮ್‌ನಲ್ಲಿ ಲೈಫ್ ಬೇಗ ಸಿಗಲಿ ಎಂದು ಮಕ್ಕಳು ಫೋನಿನ ದಿನಾಂಕವನ್ನು ಮುಂದೂಡಿ ಹಾಗೇ ಬಿಟ್ಟಿರುತ್ತಾರೆ. ಫೋನಿನ ಲೆಕ್ಕದಲ್ಲಿ ಮುಂದಿನ ವರ್ಷ ಬಂದಿದ್ದರೆ ಎಲ್ಲ ಸರ್ಟಿಫಿಕೇಟ್‌ಗಳ ಅವಧಿಯೂ ಮುಗಿದಂತೆಯೇ. ದಿನಾಂಕ ಮತ್ತು ಸಮಯವನ್ನು ಆಟೊಮ್ಯಾಟಿಕ್‌ಗೆ ಇಡಿ.

ಆಮೇಲೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿ. ಡೇಟಾದಲ್ಲಿ ಬಂದು ವೈಫೈನಲ್ಲಿ ಬರದಿದ್ದರೆ ಆ ಜಾಲ 993 ಅಥವಾ 587ನ್ನು ತಡೆದಿರಬಹುದು. ಹಾಸ್ಟೆಲ್, ಹೋಟೆಲ್‌ಗಳ ವೈಫೈನಲ್ಲಿ ಇದು ಸಾಮಾನ್ಯ. ಕೆಲವು ಆಫೀಸುಗಳ ಫೈರ್‌ವಾಲ್ ನಡುವೆ ಕೂತು ತನ್ನದೇ ಸರ್ಟಿಫಿಕೇಟ್ ತೋರಿಸಿ ಒಳಗಿನದನ್ನು ತಪಾಸಣೆ ಮಾಡುತ್ತದೆ. ಅದನ್ನು ನಂಬಲು ಹಿಂದೆ ಐಟಿ ವಿಭಾಗದವರು ಫೋನಿಗೆ ಒಂದು ಸರ್ಟಿಫಿಕೇಟ್ ಹಾಕಿಕೊಟ್ಟರೆ ಸಾಕಿತ್ತು. ಆಂಡ್ರಾಯ್ಡ್ 7ರ ನಂತರ, ಆ ಆವೃತ್ತಿಗೆ ತಕ್ಕಂತೆ ಬರೆದ ಆ್ಯಪ್‌ಗಳು ಹಾಗೆ ಕೈಯಿಂದ ಹಾಕಿದ್ದನ್ನು ತಾವಾಗಿ ನಂಬುವುದಿಲ್ಲ. ಐಫೋನ್‌ನಲ್ಲಿ 10.3ರಿಂದ ಜನರಲ್, ಅಬೌಟ್, ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್ ಎಂಬಲ್ಲಿಗೆ ಹೋಗಿ ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು. ವಿಪಿಎನ್ ಇದ್ದರೆ, ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಹಾಕಿದ್ದರೆ ಅವನ್ನೂ ಒಮ್ಮೆ ಆಫ್ ಮಾಡಿ ನೋಡಿ.

ಬರುವ ಮೇಲ್ ಸರಿ, ಹೋಗುವುದು ಮಾತ್ರ ಇಲ್ಲ ಎಂದಾದರೆ ದೋಷ ಔಟ್‌ಗೋಯಿಂಗ್ ಸರ್ವರ್ ಕಡೆ. ಐಫೋನ್‌ನಲ್ಲಿ ಆ ಜಾಗದ ಯೂಸರ್‌ನೇಮ್, ಪಾಸ್‌ವರ್ಡ್ ಎದುರು 'ಆಪ್ಷನಲ್' ಎಂದು ಬರೆದಿರುತ್ತದೆ. ಅದನ್ನು ಓದಿ ಜನ ಖಾಲಿ ಬಿಡುತ್ತಾರೆ. ನಮ್ಮ ಸಣ್ಣ ಆಫೀಸುಗಳ ಸರ್ವರ್‌ಗಳಲ್ಲಿ ಅದು ಆಪ್ಷನಲ್ ಅಲ್ಲವೇ ಅಲ್ಲ, ತುಂಬಲೇಬೇಕು. ಪೋರ್ಟ್ 25 ಎಂದಿದ್ದರೆ 465ಕ್ಕೆ ಬದಲಿಸಿ. ಮೊದಲ ಮಾತಿನಿಂದಲೇ ಗೂಢಲಿಪಿಯಲ್ಲಿ ನಡೆಯುವ ಸಂಪರ್ಕವನ್ನೇ ಬಳಸಿ ಎಂದು ಇಂಟರ್‌ನೆಟ್‌ನ ನಿಯಮಗಳನ್ನು ರೂಪಿಸುವ ಐಇಟಿಎಫ್ 2018ರಲ್ಲೇ ಹೇಳಿದೆ. ಅಂದರೆ ಓದಲು 993, ಕಳಿಸಲು 465.

ಸರ್ವರ್ ಹೆಸರಿನ ಗೊಂದಲ ನಾನು ಅತಿ ಹೆಚ್ಚು ಕಂಡ ದೋಷ. ಒಂದೇ ಸರ್ವರ್‌ನಲ್ಲಿ ನೂರಾರು ಗಿರಾಕಿಗಳ ಡೊಮೇನ್‌ಗಳನ್ನು ಇಡುವ ಹೋಸ್ಟಿಂಗ್‌ನಲ್ಲಿ ಸರ್ಟಿಫಿಕೇಟ್ ಹೋಸ್ಟಿಂಗ್ ಕಂಪನಿಯ ಹೆಸರಿಗೆ ಇರುತ್ತದೆ. ನಿಮ್ಮ ಫೋನಿನಲ್ಲಿ 'ಮೇಲ್' ಎಂಬ ಪದದ ಮುಂದೆ ನಿಮ್ಮ ಡೊಮೇನ್ ಸೇರಿಸಿ ಸರ್ವರ್ ಹೆಸರು ಬರೆದಿರುತ್ತಾರೆ. ಎರಡೂ ಹೊಂದುವುದಿಲ್ಲ, ಫೋನು ಒಪ್ಪುವುದಿಲ್ಲ. ಎಚ್ಚರಿಕೆಯ ಪುಟದಲ್ಲಿ ಡೀಟೇಲ್ಸ್ ಒತ್ತಿದರೆ ಸರ್ಟಿಫಿಕೇಟಿನಲ್ಲಿರುವ ನಿಜವಾದ ಹೆಸರು ಕಾಣುತ್ತದೆ. ಅದು ನಿಮ್ಮ ಹೋಸ್ಟಿಂಗ್ ಕಂಪನಿಯದ್ದೇ ಎಂದು ಕಂಪನಿಯಿಂದ ಖಚಿತಪಡಿಸಿಕೊಂಡು ಸರ್ವರ್ ಹೆಸರಿನ ಜಾಗದಲ್ಲಿ ಅದನ್ನೇ ಬರೆಯಬಹುದು. ಇಲ್ಲವಾದರೆ ನಿಮ್ಮ ಡೊಮೇನಿಗೂ ಸರ್ಟಿಫಿಕೇಟ್ ಹಾಕಿಕೊಡಲು ಕೇಳಬಹುದು. ಸಿಪ್ಯಾನೆಲ್ ಇರುವ ಕಡೆ ಆಟೊಎಸ್‌ಎಸ್‌ಎಲ್ ಎಂಬ ಸೌಲಭ್ಯ ಅದನ್ನು ತಾನೇ ಮಾಡಬಲ್ಲದು, ಅದನ್ನು ಆನ್ ಮಾಡುವ ಮನಸ್ಸು ಮಾಡಬೇಕಷ್ಟೆ.

ಕಂಪ್ಯೂಟರ್ ಬಳಸಿ ಅಭ್ಯಾಸ ಇದ್ದವರು ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ಸಾಧನದ ಎಸ್-ಕ್ಲೈಂಟ್ ಕಮಾಂಡ್ ಕೊಟ್ಟು 993ನೇ ಪೋರ್ಟ್‌ನ್ನು ನೇರವಾಗಿ ಮಾತಾಡಿಸಬಹುದು. ಸರ್ವರ್ ಕಳಿಸಿದ ಸರಪಳಿ ಪೂರ್ತಿ ತೆರೆಯ ಮೇಲೆ ಬರುತ್ತದೆ. ವೆರಿಫೈ ರಿಟರ್ನ್ ಕೋಡ್ ಎಂಬ ಸಾಲಿನಲ್ಲಿ 0 ಇದ್ದರೆ ಸರಪಳಿ ಕ್ಷೇಮ. 10 ಎಂದರೆ ಅವಧಿ ಮುಗಿದಿದೆ. 18 ಎಂದರೆ ಸರ್ವರ್ ತನಗೆ ತಾನೇ ಸಹಿ ಹಾಕಿಕೊಂಡಿದೆ. 21 ಬಂದರೆ ಹೆಚ್ಚಾಗಿ ನಡುವಿನ ಸರ್ಟಿಫಿಕೇಟನ್ನು ಕಳಿಸಿಲ್ಲ ಎಂದೇ ಅರ್ಥ. ಸಹಾಯವಾಣಿಯವರ ಜೊತೆ ಗಂಟೆಗಟ್ಟಲೆ ವಾದ ಮಾಡುವ ಬದಲು ಈ ಒಂದು ಅಂಕಿಯನ್ನು ಬರೆದು ಕಳಿಸಿದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಪಾಸ್‌ವರ್ಡ್ ತಪ್ಪು ಎಂದೇ ಫೋನು ಹೇಳುತ್ತಿದ್ದರೆ ವಿಷಯ ಬೇರೆ, ಸರ್ಟಿಫಿಕೇಟ್ ಹಂತ ದಾಟಿದೆ ಎಂದಾಯಿತು. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ಹೊರಗಿನ ಆ್ಯಪ್‌ಗಳಲ್ಲಿ ಬರೀ ಪಾಸ್‌ವರ್ಡ್ ಹಾಕಿ ಒಳಬರುವುದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಅದೇ ವರ್ಷ ಅಕ್ಟೋಬರ್ 1ರಿಂದ ಆಫೀಸುಗಳ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಅದನ್ನೇ ಶುರುಮಾಡಿತು. ಖಾತೆ ಸೇರಿಸುವಾಗ 'ಅದರ್' ಆರಿಸಿ ಕೈಯಿಂದ ವಿವರ ತುಂಬುವ ಬದಲು ಗೂಗಲ್ ಅಥವಾ ಮೈಕ್ರೋಸಾಫ್ಟ್ ಎಂಬ ಗುರುತನ್ನೇ ಒತ್ತಿ, ಅವರದೇ ಪುಟದಲ್ಲಿ ಲಾಗಿನ್ ಆಗಿ. ಹಳೆಯ ಆ್ಯಪ್ ಬಿಡಲಾಗದಿದ್ದರೆ ಜಿಮೇಲ್‌ಗೆ ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬಹುದು.

ಖಾತೆಯನ್ನು ಡಿಲೀಟ್ ಮಾಡಿ ಮತ್ತೆ ಹಾಕಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಹಾಗೆ ಮಾಡುವ ಮುನ್ನ ಅದು ಐಮ್ಯಾಪ್ ಖಾತೆಯೋ ಪಾಪ್ ಖಾತೆಯೋ ನೋಡಿಕೊಳ್ಳಿ. ಐಮ್ಯಾಪ್ ಆದರೆ ಮೇಲ್‌ಗಳು ಸರ್ವರ್‌ನಲ್ಲೇ ಇರುತ್ತವೆ, ಮತ್ತೆ ಬರುತ್ತವೆ. ಪಾಪ್ ಆದರೆ ಇಳಿಸಿಕೊಂಡ ಮೇಲ್‌ಗಳನ್ನು ಸರ್ವರ್ ಅಳಿಸಿಹಾಕಿರಬಹುದು, ಉಳಿದಿರುವ ಏಕೈಕ ಪ್ರತಿ ಆ ಫೋನಿನಲ್ಲೇ ಇರಬಹುದು. ಖಾತೆ ತೆಗೆದರೆ ಅದೂ ಹೋಯಿತು. ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಕೊಂಡ ಪತ್ರಗಳ ಗತಿಯೂ ಅದೇ. ವರ್ಷಗಳ ಪತ್ರವ್ಯವಹಾರ ಹೀಗೆ ಕಳೆದುಕೊಂಡು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿದರೆ ವೈಫೈ ಪಾಸ್‌ವರ್ಡ್‌ಗಳೆಲ್ಲ ಅಳಿಯುತ್ತವೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಒತ್ತಬಾರದ ಗುಂಡಿ

ಆಂಡ್ರಾಯ್ಡ್‌ನ ಮೇಲ್ ಆ್ಯಪ್‌ಗಳಲ್ಲಿ ಸೆಕ್ಯುರಿಟಿ ಟೈಪ್ ಎಂದು ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ 'ಎಸ್‌ಎಸ್‌ಎಲ್/ಟಿಎಲ್‌ಎಸ್' ಎಂಬುದರ ಕೆಳಗೇ ಕಂಸದಲ್ಲಿ 'ಆ್ಯಕ್ಸೆಪ್ಟ್ ಆಲ್ ಸರ್ಟಿಫಿಕೇಟ್ಸ್' ಎಂದು ಸೇರಿಸಿದ ಇನ್ನೊಂದು ಆಯ್ಕೆ ಇರುತ್ತದೆ. ಆರಿಸಿದ ತಕ್ಷಣ ಮೇಲ್ ಬರಲು ಶುರುವಾಗುತ್ತದೆ. ಆದರೆ ಇನ್ನು ಮೇಲೆ ಎದುರಿಗಿರುವುದು ನಿಮ್ಮ ಸರ್ವರ್ ಹೌದೋ ಅಲ್ಲವೋ ಎಂದು ಫೋನು ನೋಡುವುದೇ ಇಲ್ಲ. ಗೂಢಲಿಪಿಯಲ್ಲೇ ಮಾತು ನಡೆಯುತ್ತದೆ, ಯಾರ ಜೊತೆ ಎನ್ನುವುದು ಗೊತ್ತಿಲ್ಲ. ಗೋಟು ಫೇಲ್ ದೋಷ ಐಫೋನ್‌ಗಳಿಗೆ ತಂದದ್ದು ಇದೇ ಸ್ಥಿತಿಯನ್ನು. ಅದು ಕೈತಪ್ಪಿನಿಂದ ಆದದ್ದು, ಇದನ್ನು ನಾವೇ ಕೈಯಾರೆ ಮಾಡಿಕೊಳ್ಳುತ್ತೇವೆ. ಒಮ್ಮೆ ಆರಿಸಿದ ಮೇಲೆ ಅದನ್ನು ಮತ್ತೆ ತೆರೆದು ಬದಲಿಸುವವರು ಇಲ್ಲವೇ ಇಲ್ಲ ಎನ್ನಬೇಕು. ಫೋನು ಬದಲಾಗುವ ತನಕ ಅದು ಹಾಗೇ ಉಳಿಯುತ್ತದೆ.

ಮೇಲ್ ಪೆಟ್ಟಿಗೆ ಒಬ್ಬರ ಕೈಗೆ ಸಿಕ್ಕರೆ ಸಿಗುವುದು ಪತ್ರಗಳಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಇಂದು 'ಫರ್ಗಾಟ್ ಪಾಸ್‌ವರ್ಡ್' ಒತ್ತಿದರೆ ಬಹುತೇಕ ಎಲ್ಲ ಸೇವೆಗಳೂ ಹೊಸ ಪಾಸ್‌ವರ್ಡ್‌ನ ದಾರಿಯನ್ನು ಮೇಲ್‌ಗೇ ಕಳಿಸುತ್ತವೆ. ಆದಾಯ ತೆರಿಗೆ ಇಲಾಖೆಯ ಇಂಟಿಮೇಶನ್ ಮೇಲ್‌ಗೆ ಬರುತ್ತದೆ. ಸಣ್ಣ ಕಾರ್ಖಾನೆಯೊಂದರ ಮೇಲ್ ಸಿಕ್ಕರೆ ಅದರ ಗಿರಾಕಿಗೆ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಣ ಹಾಕಿ' ಎಂದು ಅದೇ ವಿಳಾಸದಿಂದ ಪತ್ರ ಕಳಿಸಿ ಬಿಲ್ಲಿನ ಹಣವನ್ನೇ ತಿರುಗಿಸಿಕೊಳ್ಳುವ ವಂಚನೆ ಜಗತ್ತಿನ ಎಲ್ಲ ಕಡೆ ನಡೆಯುತ್ತಿದೆ.

ಮುಂದಿನ ದಿನಗಳು ಇನ್ನೂ ಬಿಗಿ. ಸರ್ಟಿಫಿಕೇಟ್ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಸೇರಿದ ಸಿಎ/ಬ್ರೌಸರ್ ಫೋರಮ್ 2025ರ ಏಪ್ರಿಲ್‌ನಲ್ಲಿ ಆಪಲ್ ಮುಂದಿಟ್ಟ ಪ್ರಸ್ತಾವವನ್ನು ಅಂಗೀಕರಿಸಿತು. ಅದರ ಪ್ರಕಾರ ಸಾರ್ವಜನಿಕ ಸರ್ಟಿಫಿಕೇಟಿನ ಗರಿಷ್ಠ ಅವಧಿ 398 ದಿನದಿಂದ 2026ರ ಮಾರ್ಚ್ 15ಕ್ಕೆ 200 ದಿನಕ್ಕೆ, 2027ರ ಮಾರ್ಚ್ 15ಕ್ಕೆ 100ಕ್ಕೆ, 2029ರ ಮಾರ್ಚ್ 15ಕ್ಕೆ 47 ದಿನಕ್ಕೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಡೈರಿಯಲ್ಲಿ ಬರೆದಿಟ್ಟುಕೊಂಡು ಕೈಯಿಂದ ಸರ್ಟಿಫಿಕೇಟ್ ಬದಲಿಸುವ ಪದ್ಧತಿ ಇನ್ನು ನಡೆಯುವುದಿಲ್ಲ. ನವೀಕರಣ ತಾನಾಗಿ ಆಗುವಂತೆ, ಆದ ಕೂಡಲೇ ಮೇಲ್ ಸಾಫ್ಟ್‌ವೇರ್ ಕೂಡ ರೀಲೋಡ್ ಆಗುವಂತೆ ಏರ್ಪಾಡು ಮಾಡದ ಹೋಸ್ಟಿಂಗ್ ಕಂಪನಿಗಳ ಗಿರಾಕಿಗಳು ವರ್ಷಕ್ಕೆ ಹಲವು ಸಲ ಈ ಎಚ್ಚರಿಕೆಯ ಪುಟ ನೋಡಬೇಕಾಗುತ್ತದೆ. ತೊಂದರೆ ಕೊಡುವುದು ಅಪ್‌ಡೇಟೇ ಎಂದು ಆಗಲೂ ಹಲವರು ಹೇಳುತ್ತಾರೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮೇಲ್ ನಿಂತಾಗ ಎಚ್ಚರಿಕೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದಿನಾಂಕ, ವೈಫೈ, ಸರ್ವರ್ ಹೆಸರು, ಪೋರ್ಟ್ ನೋಡಿ. ಎಲ್ಲ ಸರಿಯಿದ್ದೂ ಬರದಿದ್ದರೆ ಹೋಸ್ಟಿಂಗ್ ಕಂಪನಿಗೆ ಲಿಖಿತವಾಗಿ ಕೇಳಿ: 993 ಮತ್ತು 465ರಲ್ಲಿ ಸರಿಯಾದ ಹೆಸರಿನ, ಅವಧಿ ಉಳಿದ, ಪೂರ್ತಿ ಸರಪಳಿ ಇರುವ ಸರ್ಟಿಫಿಕೇಟ್ ಹಾಕಿದ್ದೀರಾ? ಎಸ್‌ಎಸ್‌ಎಲ್‌ನ ಈಗಿನ ರೂಪವಾದ ಟಿಎಲ್‌ಎಸ್‌ನ 1.2 ಮತ್ತು 1.3 ಆವೃತ್ತಿಗಳು ಆನ್ ಇವೆಯೇ? 1.0 ಮತ್ತು 1.1ನ್ನು ಐಇಟಿಎಫ್ 2021ರ ಮಾರ್ಚ್‌ನಲ್ಲೇ ಬಳಕೆಯಿಂದ ಕೈಬಿಟ್ಟಿದೆ, ನೀವು ಬಿಟ್ಟಿದ್ದೀರಾ? ಅಷ್ಟರ ತನಕ ವೆಬ್‌ಮೇಲ್‌ನಲ್ಲಿ ಎಚ್ಚರಿಕೆ ಬರದಿದ್ದರೆ ಅಲ್ಲಿ ಕೆಲಸ ನಡೆಸಿ. ಎಸ್‌ಎಸ್‌ಎಲ್ ಆಫ್ ಮಾಡಿ ಎಂಬ ಉತ್ತರವೇ ಮತ್ತೆ ಬಂದರೆ ಆ ಕಂಪನಿಯನ್ನು ಬಿಟ್ಟುಬಿಡಿ. ಡೊಮೇನ್ ನಿಮ್ಮ ಹೆಸರಿನಲ್ಲಿ ನೋಂದಣಿ ಆಗಿದ್ದರೆ ಬೇರೆ ಕಡೆಗೆ ಹೋದರೂ ಮೇಲ್ ವಿಳಾಸ ಬದಲಾಗುವುದಿಲ್ಲ, ಐಮ್ಯಾಪ್‌ನಲ್ಲಿರುವ ಹಳೆಯ ಪತ್ರಗಳನ್ನೂ ಹೊಸ ಸರ್ವರ್‌ಗೆ ನಕಲು ಮಾಡಿಸಿಕೊಳ್ಳಬಹುದು.